ಹೋರಿಬಾಗಿಲು

ಕೊಂಬೈ, ಮಲೆಯ ಅಡಿವಾರದ ತೋಟದ ಮನೆ
ಕಾರ್ತಿಗೈ ನಾಲ್ಕು, ಮಂಗಳವಾರ, ಬೆಳಿಗ್ಗೆ ಏಳು ಗಂಟೆ

ಮಲೆಯ ಮೇಲಿರುವ ಅಪ್ಪನಿಗೆ ಮಗಳು ಅರಸಿಯ ನಮಸ್ಕಾರ.

ಮೊಣಕಾಲು ಹೇಗಿದೆ? ಹೋದ ಮಂಗಳವಾರ ಎಸ್ಟೇಟಿಗೆ ಹೋಗಿ ಬರುವ ಮುರುಗನ್ ಅಣ್ಣ ಜೀಪು ನಿಲ್ಲಿಸುವ ಮೊದಲೇ ನಿಮ್ಮ ಬಲಗಾಲಿನ ಸುದ್ದಿ ಹೇಳಿದರು. ಏನಾಯಿತೆಂದು ಅವರು ಕೇಳಿದ್ದಕ್ಕೆ, ಬಂಡೆಯ ಮೇಲೆ ಮಲಗಿದ್ದೆ, ಮರಗಟ್ಟಿದೆ, ಅಷ್ಟೇ ಎಂದಿರಂತೆ. ಅರವತ್ತೆಂಟು ವರ್ಷದವರು ಬಂಡೆಯ ಮೇಲೆ ಯಾಕೆ ಮಲಗಬೇಕು ಎಂದು ಕೇಳಿದರೆ ನಿಮಗೆ ಕೋಪ ಬರುತ್ತದೆ, ಆದ್ದರಿಂದ ಕೇಳುವುದಿಲ್ಲ. ಈ ಕಾಗದದ ಜೊತೆಗಿರುವ ಚೀಲದಲ್ಲಿ ಹರಳೆಣ್ಣೆ, ಒಣಶುಂಠಿ, ಎರಡು ಸೇರು ರಾಗಿಹಿಟ್ಟು ಇಟ್ಟಿದ್ದೇನೆ. ತಳದಲ್ಲಿ ಒಂದು ಜೊತೆ ರಬ್ಬರ್ ಬೂಟು ಇದೆ, ಚಿನ್ನಮನೂರಿನ ಅಂಗಡಿಯಲ್ಲಿ ನಿಮ್ಮ ಹಳೆಯ ಚಪ್ಪಲಿಯ ಅಳತೆ ಕೊಟ್ಟು ತಂದದ್ದು. ಮಳೆ ಬಿದ್ದರೆ ಮೇಲೆ ಜಿಗಣೆ ಏಳುತ್ತವಲ್ಲ. ನೀವು ನಗುತ್ತೀರಿ ಎಂದು ಗೊತ್ತು. ಕುಲದ ದನದ ಮಂದೆಯ ಹಿಂದೆ ನಡೆಯುವವನ ಕಾಲು ಬರಿಗಾಲಾಗಿರಬೇಕು ಎಂಬುದೂ ಗೊತ್ತು. ಆದರೂ ಹಾಕಿಕೊಳ್ಳಿ. ನಾನು ನಿಮ್ಮಲ್ಲಿ ಏನನ್ನೂ ಕೇಳಿದವಳಲ್ಲ, ಇದನ್ನು ಕೇಳುತ್ತಿದ್ದೇನೆ.

ಇಲ್ಲಿ ಎಲ್ಲರೂ ಆರೋಗ್ಯವಾಗಿದ್ದಾರೆ. ಯುವಶ್ರೀಗೆ ಮೇಲಿನ ಎರಡು ಹಲ್ಲು ಬಿದ್ದಿವೆ. ನಾನು ನಮ್ಮ ಮಾತಿನಲ್ಲಿ ಕೇಳಿದರೆ ಅವಳು ತಮಿಳಿನಲ್ಲೇ ಉತ್ತರ ಕೊಡುತ್ತಾಳೆ, ಆದರೆ ನಿಮ್ಮ ವಿಷಯ ಬಂದಾಗ ಮಾತ್ರ "ತಾತ ಯಾವಾಗ ಬತ್ತಾರೆ" ಎಂದು ನಮ್ಮ ಮಾತಿಗೆ ತಿರುಗುತ್ತಾಳೆ. ಅತ್ತೆ ಎಂದಿನಂತೆ ಇದ್ದಾರೆ. ನಾನು ಕಾಗದ ಬರೆಯುತ್ತ ಕೂತಿರುವುದನ್ನು ಈಗಷ್ಟೇ ಬಾಗಿಲಲ್ಲಿ ನಿಂತು ನೋಡಿ, "ಅಪ್ಪನೂ ಮಗಳೂ ಸೇರ್ಕಂಡು ನಮಗೆ ತಿಳೀದ ಎಳ್ತ್ ಬರೀತಾರೆ, ಎಲ್ಲಾ ಈ ಪೇಚ್ಚಿಯಮ್ಮಾಳ್ ಮೇಲಿನ ಚಾಡಿ" ಎಂದು ಹೇಳಿ ಹೋದರು. ನೀವು ಕೊಳ್ಳೇಗಾಲದ ರೇಷ್ಮೆ ಮಂಡಿಯಲ್ಲಿ ಐದು ವರ್ಷ ಇದ್ದು ಕಲಿತು ಬಂದ ಅಕ್ಷರವನ್ನು ಮೊರದಲ್ಲಿ ರಾಗಿ ಹರವಿ ನನಗೆ ತಿದ್ದಿಸಿದಿರಿ. ಮನೆಯಲ್ಲಿ ಆಡುವ ಮಾತಿಗೆ ಮನೆಯಲ್ಲಿ ಓದಲು ಬರುವವರು ಇಬ್ಬರೇ. ಇದರಿಂದ ಏನು ಪ್ರಯೋಜನ ಎಂದು ಚಿಕ್ಕವಳಿದ್ದಾಗ ಕೇಳಿದ್ದೆ. ಈಗ ಕೇಳುವುದಿಲ್ಲ. ನಿಮ್ಮ ಅಳಿಯ ಬಾಳೆಗೊನೆಯ ಲಾರಿಯ ಜೊತೆ ನಿನ್ನೆ ದಿಂಡಿಗಲ್ಲಿಗೆ ಹೋಗಿದ್ದಾರೆ, ಗುರುವಾರ ಬರುತ್ತಾರೆ.

ನೀವು ಮೇಲಿನಿಂದ ನೋಡುತ್ತೀರಿ, ನಾನು ಕೆಳಗಿನಿಂದ. ಈ ವರ್ಷದ ಹವೆಯ ಬಗ್ಗೆ ನಿಮಗೆ ಏನನಿಸಿತೋ ತಿಳಿಯದು. ಆಡಿ ತಿಂಗಳ ಗಾಳಿ ಆಡಿಯಲ್ಲಿ ಬರಲೇ ಇಲ್ಲ. ಕಣಿವೆಯ ತೆಂಗಿನ ತಲೆಗಳು ಬಾಚಿದ ಹಾಗೆ ಸುಮ್ಮನೆ ನಿಂತಿದ್ದವು. ಆಮೇಲೆ ಎರಡು ತಿಂಗಳು ತಡವಾಗಿ ಪುರಟ್ಟಾಸಿಯಲ್ಲಿ, ಯಾರೂ ಎದುರು ನೋಡದಾಗ, ಒಂಬತ್ತು ದಿನ ಬೀಸಿ ಪಕ್ಕದ ತೋಟದ ತಂಗರಾಜ್ ಮಾಮನ ದ್ರಾಕ್ಷಿ ಚಪ್ಪರವನ್ನು ಚಾಪೆ ಸುತ್ತಿದ ಹಾಗೆ ಸುತ್ತಿಟ್ಟಿತು. ಹೋದ ತಿಂಗಳು, ಐಪ್ಪಸಿಯ ಮಳೆ ಒಂದೇ ಮಧ್ಯಾಹ್ನ ಎರಡು ಗಂಟೆ ಹೊಯ್ದು ನಿಂತಿತು. ಅಲ್ಲಿಂದ ಇಲ್ಲಿಗೆ ಇಪ್ಪತ್ತಾರು ದಿನ, ಒಂದು ಹನಿ ಇಲ್ಲ. ಹುಣಸೆ ಎರಡನೆಯ ಸಲ ಹೂ ಬಿಟ್ಟಿದೆ. ಹೋದ ವಾರ ಒಣನೆಲದಿಂದ ರೆಕ್ಕೆಹುಳುಗಳು ಎದ್ದು ದೀಪಕ್ಕೆ ಮುತ್ತಿದವು. ಅವು ಏಳುವುದು ಒದ್ದೆ ನೆಲದಿಂದ ಎಂದು ನೀವೇ ಹೇಳಿದ್ದು. ಈವತ್ತು ಎದ್ದಾಗ ಮಲೆ ಕಾಣಲಿಲ್ಲ. ಮಂಜಲ್ಲ, ಮೋಡ. ಹಾದಿಯ ಮೊಟ್ಟೆಪಾರೆ ಬಂಡೆಯ ತನಕ ಇಳಿದು ಕಪ್ಪಾಗಿ ಕೂತಿದೆ, ಗಾಳಿ ಇಲ್ಲ. ಬರುವುದಾದರೆ ಈವತ್ತು ಬರುತ್ತದೆ, ಬಂದರೆ ಸಣ್ಣದಾಗಿ ಬರುವುದಿಲ್ಲ.

ಮೇಲಿನ ನಿಮ್ಮ ನೆರೆಯವರೆಲ್ಲ ಕೆಳಗೆ ಬಂದುಬಿಟ್ಟಿದ್ದಾರೆ ಅಪ್ಪಾ. ಇದನ್ನು ನಗುತ್ತಲೇ ಬರೆಯಬೇಕೆಂದು ಕೂತೆ. ಐಪ್ಪಸಿ ಹದಿನೆಂಟರಂದು ಅತ್ತೆ ಕಾಲುವೆಯ ಹತ್ತಿರ ಬಟ್ಟೆ ಒಗೆಯುತ್ತಿದ್ದಾಗ ಕಬ್ಬಿನ ಗದ್ದೆಯ ಅಂಚಿನಲ್ಲಿ ಒಂದು ಕರಿಯ ಬೆನ್ನು ಕಂಡಿತು. ಅವರ ಕಣ್ಣು ನಿಮಗೆ ಗೊತ್ತಲ್ಲ. "ಯಾರ್ ಮನೆ ಎಮ್ಮೆಲಾ ಇದು, ಕಟ್ಟದೆ ಬುಟ್ಟವ್ರೆ ನೋಡು! ಪೋ, ಪೋ ಅತ್ತಾಗೆ!" ಎಂದು ಒದ್ದೆ ಸೀರೆಯನ್ನು ಬೀಸುತ್ತ ಹತ್ತು ಹೆಜ್ಜೆ ಹೋದರಂತೆ. ಅದು ತಲೆ ಎತ್ತಿದಾಗ ಹಣೆ ಬೆಳ್ಳಗೆ, ಕಾಲಿಗೆ ಬಿಳಿ ಮೇಜೋಡು. ಊರ ಎಮ್ಮೆಯಲ್ಲ, ಕಾಡಿನ ಕಾಟಿ. ಹೊತ್ತು ನೆತ್ತಿಗೆ ಬಂದಿತ್ತು, ಶಾಲೆಯ ವ್ಯಾನು ನಿಲ್ಲುವ ಜಾಗದಿಂದ ಇನ್ನೂರು ಹೆಜ್ಜೆ ಕೂಡ ಇರಲಿಲ್ಲ. ಅತ್ತೆ ಹಿಂದೆ ಹಿಂದೆಯೇ ನಡೆದು ಮನೆ ಸೇರಿದರು. ಈಗ ಕೇಳಿದವರಿಗೆಲ್ಲ, "ನಾನ್ ಬೈದದ್ದಕ್ಕೆ ಅದೇ ಬೆದರಿ ಓಡ್ತು" ಎನ್ನುತ್ತಾರೆ. ಎರಡು ದಿನ ಬಿಟ್ಟು ಕಡವೆ, ಮರಿಯೊಂದಿಗೆ, ಕಾಲುವೆಯಲ್ಲಿ ನೀರು ಕುಡಿಯಿತು, ಬಸ್ಸಿನವರು ನಿಲ್ಲಿಸಿ ಫೋಟೋ ತೆಗೆದರು. ಕಾರ್ತಿಗೈ ಒಂದಕ್ಕೆ ಕರಡಿ ಹುಣಸೆಮರದ ಕೆಳಗಿನ ಹುತ್ತ ಬಗೆದು ಹೋಗಿದೆ, ನಮ್ಮ ಹಿತ್ತಿಲ ಬಾಗಿಲಿಗೂ ಆ ಹುತ್ತಕ್ಕೂ ಎಷ್ಟು ದೂರ ಎಂದು ನಿಮಗೆ ಗೊತ್ತು. ನಾನು ಇವನ್ನೆಲ್ಲ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇನೆ. ಹೋದ ವರ್ಷದ ಕ್ಯಾಲೆಂಡರೂ ಮೊಳೆಯಲ್ಲೇ ಇತ್ತು, ತೆಗೆದು ಪಕ್ಕದಲ್ಲಿಟ್ಟು ನೋಡಿದೆ. ಮಾರ್ಗಳಿಯ ಕೊನೆಗೆ ಬರುವ ಕಡವೆ, ಮಾಸಿಯಲ್ಲಿ ಬರುವ ಕರಡಿ, ಎಲ್ಲವೂ ಎರಡು ಮೂರು ತಿಂಗಳು ಮುಂಚೆ. ಮೇಲೆ ಊಟೆ ಬತ್ತಿದೆಯೇ? ಹುಲ್ಲು ಇದೆಯೇ? ನೀವು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವವರು ಎಂದು ಗೊತ್ತಿದ್ದು ಕೇಳುತ್ತಿದ್ದೇನೆ.

ಹಂದಿಯ ವಿಷಯವನ್ನು ಬೇರೆಯಾಗಿ ಬರೆಯಬೇಕು. ಆವಣಿಯಲ್ಲಿ ಹಾಕಿದ ಶೇಂಗಾ ಈ ಸಲ ಚೆನ್ನಾಗಿ ಕಚ್ಚಿತ್ತು. ಪುರಟ್ಟಾಸಿಯ ಗಾಳಿ ನಿಂತ ಮಾರನೆಯ ದಿನ ಹಂದಿಗಳು ಬಂದವು, ಮೊದಲು ಮೂರು, ಆಮೇಲೆ ಮರಿಗಳೂ ಸೇರಿ ಹದಿನೇಳು. ಉಳುಮೆ ಮಾಡಿದ ಹಾಗೆ ಒಂದು ಮೂಲೆಯಿಂದ ಹಿಡಿದು ಬಂದವು. ನಿಮ್ಮ ಅಳಿಯ ಮೋಹನ್‌ರಾಜ್ ಡಬ್ಬ ಬಡಿದರು, ಪಟಾಕಿ ಹೊಡೆದರು, ಕ್ಷೌರದ ಅಂಗಡಿಯಿಂದ ಕೂದಲು ತಂದು ಬದುವಿಗೆ ಸುರಿದರು, ಅತ್ತೆಯ ಹಳೆಯ ಬಣ್ಣದ ಸೀರೆಗಳನ್ನೆಲ್ಲ ಬೇಲಿಗೆ ಸುತ್ತಿದರು. ಹಂದಿಗಳು ಸೀರೆಯನ್ನೂ ಹರಿದವು. ಅವು ಬರುವ ಜಾಗ ಒಂದೇ. ತೋಟದ ಮೇಲ್ಬದಿಯ ಕಳ್ಳಿಬೇಲಿಯಲ್ಲಿ ನಿಮ್ಮ ಅಜ್ಜನ ಕಾಲದಿಂದ ಮುಚ್ಚದೆ ಬಿಟ್ಟಿರುವ ಆ ಏಳು ಮೊಳದ ತೆರಪು. ಅದಕ್ಕೆ ಹೋರಿಬಾಗಿಲು ಎಂದು ಯಾಕೆ ಹೆಸರು ಎಂದು ಯುವಶ್ರೀ ಮೊನ್ನೆ ಕೇಳಿದಳು. ಕುಲದ ಮಂದೆ ತೈ ತಿಂಗಳ ಸಂಕ್ರಾಂತಿಗೆ ಮುಂಚೆ ಮಲೆ ಇಳಿದು ಊರಿಗೆ ಬರುವಾಗ ಪಟ್ಟದ ಹೋರಿ ಮೊದಲು ಕಾಲಿಡುವುದು ಈ ತೋಟದಲ್ಲಿ, ಅದಕ್ಕೇ ನಮ್ಮವರು ಯಾರೂ ಅದಕ್ಕೆ ಕಳ್ಳಿ ನೆಡುವುದಿಲ್ಲ, ಒಂದು ಒಣ ಮುಳ್ಳುಕೊಂಬೆ ಅಡ್ಡ ಇಡುತ್ತೇವೆ ಅಷ್ಟೇ, ಅದನ್ನು ಹೋರಿ ತಾನೇ ಕೊಂಬಿನಿಂದ ಸರಿಸುತ್ತದೆ ಎಂದು ಹೇಳಿದೆ. ಮುಳ್ಳುಕೊಂಬೆ ಹಂದಿಗೂ ಸರಿಯುತ್ತದಲ್ಲಾ ಅಮ್ಮ ಎಂದಳು.

ನಿಮ್ಮ ಅಳಿಯ ಅಲ್ಲಿ ತಂತಿ ಹಾಕಿದ್ದಾರೆ. ಬೇಲಿಯ ಉದ್ದಕ್ಕೂ ಹಾಕಿದ್ದಾರೆ, ಬಾಗಿಲಿಗೂ ಅಡ್ಡ. ಬೇಡ ಎಂದೆ. "ಹಂದಿ ಏನ್ ಪಂಚಾಂಗ ಪಾತ್ಕಂಡು ಬತ್ತದಾ? ಹೋರಿ ಬರಾದು ಮಾರ್ಗಳಿ ಕಡೇಲಿ. ಮಾರ್ಗಳಿ ಅರ್ಧಕ್ಕೆ ಬಿಚ್ಚಿ ಬುಡ್ತೀನಿ, ಮಾಮಂಗೆ ಯೋಳು" ಎಂದರು. ಅವರು ಕೆಟ್ಟವರಲ್ಲ ಅಪ್ಪಾ, ನೀವು ನೋಡಿ ಕೊಟ್ಟವರು. ಬಾಗಿಲಲ್ಲಿ ಮೊದಲ ಕಂಬ ನೆಡುವಾಗ ಮಣ್ಣು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು, ನಾನು ನೋಡಿದೆ. ತಂತಿ ಬಂದ ಮೇಲೆ ಶೇಂಗಾ ಉಳಿದಿದೆ. ನವಿಲೊಂದು ಸತ್ತಿತು. ಒಂದು ಹಂದಿ. ಮೊದಮೊದಲು ಸಂಜೆ ದೀಪ ಹಚ್ಚಿದ ಮೇಲೆ ಮೋಟಾರಿನ ಕೋಣೆಗೆ ಹೋಗಿ ಸ್ವಿಚ್ ಹಾಕುವುದು, ಬೆಳಿಗ್ಗೆ ಬಾಗಿಲು ಸಾರಿಸುವ ಮುಂಚೆ ತೆಗೆಯುವುದು ನನ್ನ ಕೆಲಸವಾಗಿತ್ತು. ಈಗ ಹತ್ತು ದಿನದಿಂದ ನನಗೆ ಆ ಕೆಲಸ ಇಲ್ಲ.

ಹೋದ ಮಂಗಳವಾರವೇ ಸೆವಲೆಯ ವಿಷಯ ಕೇಳಿ ಕಳಿಸಿದ್ದಿರಿ. ಶನಿವಾರ ಮಧ್ಯಾಹ್ನದಿಂದ ನಾಯಿ ದೊಡ್ಡಿಯಲ್ಲಿಲ್ಲ, ಕೆಳಗೆ ಬಂದಿದೆಯಾ ನೋಡು ಎಂದು. ಅದು ನಿಮ್ಮನ್ನು ಬಿಟ್ಟು ಇಳಿಯುವುದು ವರ್ಷಕ್ಕೆ ಒಂದೇ ಸಲ. ಮಂದೆ ಹೊರಡುವ ಮುಂಚೆ ಹಾದಿ ನೋಡಿಕೊಂಡು ಹೋಗಲು ಬರುತ್ತದೆ ಎಂದು ನೀವು ಹೇಳುತ್ತೀರಿ, ನನ್ನ ಕೈಯ ಮೊಸರನ್ನಕ್ಕೆ ಬರುತ್ತದೆ ಎಂದು ನಾನು ಹೇಳುತ್ತೇನೆ. ಬಂದು ಹಿತ್ತಿಲಲ್ಲಿ ಕೂತು ಒಂದೇ ಒಂದು ಸಲ ಬೊಗಳುತ್ತದೆ. ಇಷ್ಟು ಮುಂಚೆ ಅದು ಇಳಿದದ್ದೇ ಇಲ್ಲ. ನೀವು ಬಂದಾಗ ಸೆವಲೆಯ ವಿಷಯ ಮಾತಾಡೋಣ. ಕಾಡಿನಲ್ಲಿ ಹುಡುಕಲು ಹೋಗಬೇಡಿ, ಕಾಲು ನೋವಿದೆ.

ಈಚೆಗೆ ಆಗಾಗ ನನಗೆ ಹತ್ತು ವರ್ಷವಿದ್ದಾಗ ನಿಮ್ಮ ಜೊತೆ ಮಂದೆಯ ಹಿಂದೆ ಇಳಿದ ಬೆಳಗು ನೆನಪಾಗುತ್ತದೆ. ಅಮ್ಮ ಬೇಡ ಎಂದರೂ ನೀವು ಕರೆದುಕೊಂಡು ಹೋದಿರಿ. ಹೋರಿ ಮೂರು ಬೆಳಗು ಕಣಿವೆಯ ಕಡೆ ಮುಖ ಮಾಡಿ ನಿಂತಿತ್ತು, ಮೂರನೆಯ ದಿನದ ರಾತ್ರಿ ಕೊನೆಯ ಜಾವಕ್ಕೆ ತಾನೇ ಎದ್ದು ನಡೆಯಿತು, ನೂರಾರು ಹಸು ಕರು ಅದರ ಹಿಂದೆ, ಅವುಗಳ ಹಿಂದೆ ನೀವು, ನಿಮ್ಮ ಹಿಂದೆ ನಾನು. ದೀಪ ಇಲ್ಲ, ಕೂಗು ಇಲ್ಲ, ಕಾಲಲ್ಲಿ ಚಪ್ಪಲಿ ಇಲ್ಲ. ಬೆಳ್ಳಿ ಮೂಡುವ ಹೊತ್ತಿಗೆ ಮೊಟ್ಟೆಪಾರೆಗೆ ಬಂದಾಗ ಹೋರಿ ನಿಂತುಬಿಟ್ಟಿತು. ಅದು ನಿಂತಿತು ಎಂದು ಮಂದೆ ನಿಂತಿತು. ಕೆಳಗೆ ಹೋರಿಬಾಗಿಲಲ್ಲಿ ಹೆಂಗಸರು ಅರಿಶಿನದ ನೀರು ಹಿಡಿದು ಕಾಯುತ್ತಿರುವುದು ಬೆಳಕು ಹರಿದಂತೆ ಚುಕ್ಕಿ ಚುಕ್ಕಿಯಾಗಿ ಕಂಡಿತು. ಹೊತ್ತು ಹುಟ್ಟಿತು, ಏರಿತು. ನನಗೆ ಕಾಲು ಸುಟ್ಟು ಅಳು ಬಂತು, ಅದನ್ನು ಹೊಡೆದು ನಡೆಸಿ ಅಪ್ಪಾ ಎಂದೆ. ನೀವು ನನ್ನ ಕಡೆ ನೋಡದೆ, "ಹೋರಿ ನಡುದ್ರೆ ನಡಿ, ನಿಂತ್ರೆ ನಿಲ್ಲು. ನಾವು ಹಿಂದಾಲೆ ಬರೋರು" ಎಂದಿರಿ. ಕೊನೆಗೆ ಅದು ಹೊರಟಾಗ, ಕೆಳಗಿನ ಹಳ್ಳದಲ್ಲಿ ಆನೆಯ ಲದ್ದಿ ಇನ್ನೂ ಹಬೆಯಾಡುತ್ತಿತ್ತು. ಅಂದಿನಿಂದ ನಾನು ಹೋರಿಯನ್ನು ನಂಬಿದೆ, ಅದರ ಹಿಂದೆ ನಡೆಯುವ ನಿಮ್ಮನ್ನು ನಂಬಿದೆ. ಅದಕ್ಕೆ ಆನೆಯ ವಾಸನೆ ಗೊತ್ತು, ಚಿರತೆಯದು ಗೊತ್ತು, ಬೆಂಕಿಯದು ಗೊತ್ತು. ವಾಸನೆಯೇ ಇಲ್ಲದ್ದು ಅದಕ್ಕೆ ಹೇಗೆ ಗೊತ್ತಾಗುತ್ತದೆ ಎಂದು ಮಾತ್ರ ಈಚೆಗೆ ಯೋಚಿಸುತ್ತಿರುತ್ತೇನೆ.

ಆದ್ದರಿಂದ ಒಂದು ಪ್ರಶ್ನೆ, ಇದಕ್ಕೆ ಉತ್ತರವನ್ನು ಮುರುಗನ್ ಅಣ್ಣನ ಹತ್ತಿರ ಈವತ್ತೇ ಹೇಳಿ ಕಳಿಸಬೇಕು. ಹೋರಿ ಬೆಳಿಗ್ಗೆ ಯಾವ ಕಡೆಗೆ ಮುಖ ಮಾಡಿ ನಿಲ್ಲುತ್ತಿದೆ? ಇನ್ನೂ ಮೇಲಿನ ಕಡೆಗೇ ಇದ್ದರೆ ನನಗೆ ನೆಮ್ಮದಿ, ಗುರುವಾರ ಇವರು ಬಂದ ಮೇಲೆ ಕೂತು ಮಾತಾಡಿ, ತಂತಿ ಬಿಚ್ಚಿಸಿ, ನಿಮಗೆ ಬರೆಯುತ್ತೇನೆ. ಕೆಳಗೆ ತಿರುಗಿದರೆ, ಅದೇ ದಿನ, ಅದೇ ಗಂಟೆ ಯಾರ ಮೂಲಕವಾದರೂ ತಿಳಿಸಿ. ಫೋನಿನ ಸಿಗ್ನಲ್ ಸಿಗುವ ಎಸ್ಟೇಟಿನ ತನಕ ನೀವು ಈ ಕಾಲಲ್ಲಿ ಹತ್ತಲಾರಿರಿ, ಆದರೆ ಎಸ್ಟೇಟಿನವರು ಯಾರಾದರೂ ಹಾದುಹೋಗುತ್ತಾರಲ್ಲ. ಹೋರಿಯ ದಿನವನ್ನು ಮುಂಚೆ ಬಾಯಲ್ಲಿ ಹೇಳಬಾರದು ಎನ್ನುವಿರಿ. ಹೇಳಬೇಡಿ, ಕೈಯಲ್ಲಿ ತೋರಿಸಿದರೂ ಅವರಿಗೆ ಅರ್ಥವಾಗುತ್ತದೆ.

ಎಣ್ಣೆಯನ್ನು ಬಿಸಿ ಮಾಡಿ ಹಚ್ಚಿ. ರಾಗಿಹಿಟ್ಟಿಗೆ ಗಾಳಿ ತಾಗದಂತೆ ಕಟ್ಟಿಡಿ. ದೊಡ್ಡಿಯ ಹಸುಗಳಿಗೆಲ್ಲ ನನ್ನ ಕೈ ಮುಟ್ಟಿಸಿದಂತೆ ಮುಟ್ಟಿಸಿ. ಮುದಿ ಹೋರಿಯ ಗಂಗೆದೊಗಲನ್ನು ತುಸು ಜಾಸ್ತಿ ಹೊತ್ತು. ಅತ್ತೆ ತಾವು ಕಾಟಿಯನ್ನು ಓಡಿಸಿದ್ದನ್ನು ಬರೆದೆಯಾ ಎಂದು ಕೇಳುತ್ತಿದ್ದಾರೆ, ಬರೆದಿದ್ದೇನೆ. ಯುವಶ್ರೀ ತನ್ನ ಬಿದ್ದ ಹಲ್ಲಿನಲ್ಲಿ ಒಂದನ್ನು ನಿಮಗೆ ತೋರಿಸಲು ಬೆಂಕಿಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದಾಳೆ.

ನಿಮ್ಮ ಮಗಳು,
ತಮಿಳರಸಿ

ಮರೆತದ್ದು — ಅಲ್ಲ, ಮರೆತದ್ದಲ್ಲ. ಮುರುಗನ್ ಅಣ್ಣ ಮಳೆಗೆ ಹೆದರಿ ಅರ್ಧ ಗಂಟೆ ಮುಂಚೆಯೇ ಬಂದು ಹಾರನ್ ಹೊಡೆಯುತ್ತಿದ್ದಾರೆ. ಬಂದವರು ಚೀಲ ತೆಗೆದುಕೊಳ್ಳುತ್ತ, "ಅಯ್ಯಯ್ಯೋ ತಾಯಿ, ಯೋಳಕ್ಕೆ ಮರ್ತೇ ಬುಟ್ಟೆ. ಭಾನುವಾರ ಎಸ್ಟೇಟಲ್ಲಿ ಒಬ್ಬಂಗೆ ಕಾಯಲೆ ಅಂತ ಮೇಲಕ್ಕೋದೆ, ನಿಮ್ಮಪ್ಪ ತಿರುವಲ್ಲಿ ನಿಂತಿದ್ರು. ಬಾಯ್ ಬುಡ್ಲಿಲ್ಲ, ಹೋರಿ ಕಡೆ ಒಂದ್ ಕೈ, ಕೆಳಗೆ ಊರ್ ಕಡೆ ಒಂದ್ ಕೈ. ಅಲ್ಲಿಂದ ನೋಡ್ದೆ, ವಿರುಂದೂಟಕ್ಕೆ ಕರೆದ ಅಳಿಮಯ್ಯನ ಹಂಗೆ ಹೋರಿ ಇತ್ತಾಗೇ ನೋಡ್ಕಂಡು ನಿಂತದೆ" ಎಂದು ನಕ್ಕರು. ಭಾನುವಾರ ಒಂದು ಬೆಳಗು, ನಿನ್ನೆ ಎರಡು, ಈವತ್ತು ಮೂರು. ನಾಳೆ ಹೊತ್ತು ಹುಟ್ಟುವ ಮುಂಚೆ ನೀವು ಬಾಗಿಲಲ್ಲಿರುತ್ತೀರಿ.

ಅಪ್ಪಾ, ಸೆವಲೆ ಸತ್ತುಹೋಗಿದೆ. ಆ ಶನಿವಾರ ಸಂಜೆ ಹೋರಿಬಾಗಿಲಲ್ಲಿ, ತಂತಿಯಲ್ಲಿ. ಒಂದು ಸಲವೂ ಬೊಗಳಲಿಲ್ಲ. ಸ್ವಿಚ್ ಹಾಕಿದ ಕೈ ನನ್ನದು. ದೀಪ ಹಚ್ಚಿ, ಹೋಗಿ ಹಾಕಿ ಬಂದೆ, ಬೆಳಿಗ್ಗೆ ನೋಡಿದೆ. ಇವರೇ ಹುಣಸೆಯ ಕೆಳಗೆ ಗುಂಡಿ ತೋಡಿ ಮಣ್ಣು ಮಾಡಿದರು, ಅಂದು ಊಟ ಮಾಡಲಿಲ್ಲ. ಮಾಮಂಗೆ ನಾನೇ ಯೋಳ್ತೀನಿ ಎಂದರು, ಹೇಳಲಿಲ್ಲ. ನಾನು ಎರಡು ಸಂಜೆ ಸ್ವಿಚ್ ಹಾಕಲಿಲ್ಲ, ಹಂದಿಗಳು ಕಾಲು ಎಕರೆ ಬಗೆದವು. ಮೂರನೆಯ ದಿನ ಇವರು ಕೋಣೆಯಿಂದ ಬಿಚ್ಚಿ, ಕಂಬದ ಮೇಲಿನ ಲೈನಿಗೇ ಕೊಕ್ಕೆ ಹಾಕಿಬಿಟ್ಟರು. ಈಗ ಸ್ವಿಚ್ಚೇ ಇಲ್ಲ. ಹಗಲೂ ಇದೆ, ರಾತ್ರಿಯೂ ಇದೆ. ನನಗೆ ತೆಗೆಯಲು ಬರುವುದಿಲ್ಲ. ಫೋನ್ ಮಾಡಿದೆ, ಇವರು ಎತ್ತಲಿಲ್ಲ, ಇನ್ನೂ ಮಾಡುತ್ತಿದ್ದೇನೆ. ಜೀಪು ಹೊರಟ ಕೂಡಲೇ ಕರೆಂಟ್ ಆಫೀಸಿಗೆ ಹೋಗಿ ನಮ್ಮ ತೋಟದಲ್ಲಿ ಕದ್ದ ಲೈನಿದೆ ಎಂದು ನಾನೇ ಹೇಳುತ್ತೇನೆ. ಪೊಲೀಸರು ಯುವಶ್ರೀಯ ಅಪ್ಪನನ್ನು ಕರೆದುಕೊಂಡು ಹೋಗುತ್ತಾರೆ, ಗೊತ್ತು. ಅತ್ತೆಗೆ ಈಗಲೇ ಹೇಳಿದೆ. ಅವರು ಕೊಡೆ ತಂದು ಕೊಟ್ಟರು.

ಮಳೆ ಶುರುವಾಯಿತು. ದಪ್ಪ ಹನಿ. ಈ ಮಳೆಯಲ್ಲಿ ಲೈನಿನವರಿಗೆ ನೂರು ಕಡೆ ಕೆಲಸವಿರುತ್ತದೆ, ನಾಳೆಯ ಒಳಗೆ ಬರುತ್ತಾರೋ ಇಲ್ಲವೋ. ನೆಲ ಒದ್ದೆಯಾದರೆ ತಂತಿಯನ್ನು ಮುಟ್ಟುವುದೂ ಬೇಡ, ಹತ್ತಿರ ಬಂದರೆ ಸಾಕು ಎಂದು ಇವರೇ ಹೇಳಿದ್ದರು. ಬೂಟು ಜಿಗಣೆಗಲ್ಲ. ಹೋದ ವಾರವೇ ತಂದಿಟ್ಟದ್ದು. ಅದನ್ನು ಹಾಕಿಕೊಳ್ಳಿ, ಆದರೆ ಅದನ್ನು ನಂಬಿ ಬರಬೇಡಿ. ಮುರುಗನ್ ಅಣ್ಣನಿಗೂ ಎಲ್ಲ ಹೇಳಿದೆ, ಅವರ ನಗು ನಿಂತುಹೋಯಿತು. ಹೋರಿ ತಿರುಗಿ ಮೂರನೆಯ ದಿನ ನೀವು ಮಂದೆ ಬಿಟ್ಟು ಜೀಪಿನ ತಿರುವಿಗೆ ಬರುವುದಿಲ್ಲ ಎಂದು ನನಗೆ ಗೊತ್ತು. ಹಳ್ಳ ಏರುವುದರೊಳಗೆ ದಾಟಲು ಆದರೆ, ತಾವೇ ದೊಡ್ಡಿಯ ತನಕ ನಡೆದು ಇದನ್ನು ನಿಮ್ಮ ಕೈಗೆ ಕೊಡುತ್ತೇನೆ ಎಂದಿದ್ದಾರೆ.

ನಾಳೆ ಬೆಳಗಿನ ಜಾವ ಮೂರು ಗಂಟೆಯಿಂದ ನಾನು ಬೇಲಿಯ ಒಳಗಡೆ, ದೂರದಲ್ಲಿ, ಟಾರ್ಚ್ ಹಿಡಿದು ನಿಂತಿರುತ್ತೇನೆ. ಹೋರಿಯ ಎದುರು ದೀಪ ಹಿಡಿದಳು ಎಂದು ಆಮೇಲೆ ಬೈಯಿರಿ. ಕರೆಂಟ್ ಹೋಗಿದ್ದರೆ ದೀಪ ಬೀಸುತ್ತಿರುತ್ತೇನೆ, ಬನ್ನಿ. ಬೀಸದಿದ್ದರೆ, ಅಥವಾ ಮಳೆಯಲ್ಲಿ ದೀಪವೇ ಕಾಣದಿದ್ದರೆ, ಮೊಟ್ಟೆಪಾರೆ ದಾಟಬೇಡಿ. ನಾನು ಹತ್ತಿ ಬಂದು ನಿಮ್ಮ ಕೈ ಹಿಡಿಯುವ ತನಕ ಅಲ್ಲೇ ಇರಿ. ಹೋರಿಯನ್ನು ತಡೆಯಿರಿ, ಕೂಗಿ, ಕಲ್ಲು ಹೊಡೆಯಿರಿ, ಮೂಗುದಾರ ಹಿಡಿದು ಎಳೆಯಿರಿ, ಯಾರೂ ಮಾಡದ್ದನ್ನು ಮಾಡಿ. ಆಗದಿದ್ದರೆ, ಅಪ್ಪಾ, ಹೋರಿ ನಡೆದರೂ ನೀವು ನಡೆಯಬೇಡಿ.